ಲಾಲಾರಸದಲ್ಲಿ ಬಾಯಿ ಕ್ಯಾನ್ಸರಿನ ಸುಳಿವು: ಸಂಶೋಧನೆ ತಲುಪಿರುವ ಹಂತ ಮತ್ತು ಗ್ರಾಮ ಪಂಚಾಯಿತಿಯ ಕೆಲಸ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಅಡಿಕೆ ಕೊಯ್ಲಿನ ಕಾಲದಲ್ಲಿ ತರೀಕೆರೆಯಿಂದ ಅಜ್ಜಂಪುರದವರೆಗೆ, ಅತ್ತ ಬೀರೂರು, ಕಡೂರಿನವರೆಗೆ ಯಾವ ಊರಿಗೆ ಹೋದರೂ ಸುಲಿಯುವವರ ಸಾಲಿನಲ್ಲಿ ಒಂದು ಎಲೆ ಅಡಿಕೆಯ ಚೀಲ ಕಾಣಸಿಗುತ್ತದೆ. ಅದರಲ್ಲಿ ಎಲೆ, ಅಡಿಕೆ, ಸುಣ್ಣ ಇರುತ್ತವೆ. ಹಲವರ ಚೀಲದಲ್ಲಿ ಕಡ್ಡಿಪುಡಿಯೂ ಹೊಗೆಸೊಪ್ಪೂ ಇರುತ್ತವೆ. ಯುವಕರ ಜೇಬಿನಲ್ಲಿ ಚೀಲದ ಬದಲು ಪಾನ್ ಮಸಾಲಾದ ಸ್ಯಾಶೆ ಇರುತ್ತದೆ. ನಿದ್ದೆ ತಡೆಯಲು, ಹಸಿವು ಮರೆಯಲು, ಮಾತಿಗೆ ಜೊತೆಯಾಗಲು ಬೆಳೆದು ಬಂದ ಅಭ್ಯಾಸವಿದು. ಬಾಯಿ ಕ್ಯಾನ್ಸರಿನ ವಿಷಯವನ್ನು ಈ ಮೂರು ತಾಲ್ಲೂಕುಗಳಲ್ಲಿ ಚರ್ಚಿಸುವಾಗ ಈ ಚೀಲವನ್ನು ಬದಿಗಿಟ್ಟು ಚರ್ಚಿಸಲಾಗದು. ಅದೇ ರೀತಿ, ಇಲ್ಲಿನ ಸಾವಿರಾರು ಕುಟುಂಬಗಳ ಜೀವನಾಧಾರ ಅಡಿಕೆಯೇ ಎಂಬುದನ್ನು ಮರೆತೂ ಚರ್ಚಿಸಲಾಗದು.

ಒಂದಿಷ್ಟು ಲಾಲಾರಸವನ್ನು ಪರೀಕ್ಷಿಸಿ ಬಾಯಿ ಕ್ಯಾನ್ಸರನ್ನು ಆರಂಭದಲ್ಲೇ ಪತ್ತೆ ಹಚ್ಚಬಹುದೆಂಬ ವರದಿಗಳು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಇಂತಹ ಪರೀಕ್ಷೆಯ ಶಿಬಿರ ನಡೆಸಿಕೊಡುವುದಾಗಿ ಯಾರಾದರೂ ಪಂಚಾಯಿತಿಯ ಬಾಗಿಲಿಗೆ ಬಂದಲ್ಲಿ, ಸ್ವಂತ ಸಂಪನ್ಮೂಲದಿಂದ ಅದಕ್ಕೆ ಹಣ ನೀಡಬೇಕೇ ಎಂಬ ಪ್ರಶ್ನೆ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಆಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದು ತಿಳಿದಿರಲಿ ಎಂಬುದೇ ಈ ಲೇಖನದ ಉದ್ದೇಶ.

ರೋಗದ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2020ರ ಅಂದಾಜಿನಂತೆ ತುಟಿ ಮತ್ತು ಬಾಯಿಯ ಕ್ಯಾನ್ಸರಿಗೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1.35 ಲಕ್ಷ ಜನ ಹೊಸದಾಗಿ ತುತ್ತಾದರು. ಸುಮಾರು 75 ಸಾವಿರ ಜನ ಮರಣ ಹೊಂದಿದರು. ಇಡೀ ಜಗತ್ತಿನಲ್ಲಿ ಆ ವರ್ಷ ಕಂಡುಬಂದ ಹೊಸ ಪ್ರಕರಣಗಳು ಸುಮಾರು 3.77 ಲಕ್ಷ. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ನಮ್ಮ ದೇಶದ್ದೇ ಆಗಿದೆ. ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು; ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಈ ರೋಗವು ಬಹುಪಾಲು ಪ್ರಕರಣಗಳಲ್ಲಿ ಒಂದೇ ದಿನ ಬಂದೆರಗುವುದಿಲ್ಲ ಎಂಬುದು ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶ. ಅದಕ್ಕೆ ಮೊದಲು, ಅನೇಕ ವೇಳೆ ವರ್ಷಗಳಷ್ಟು ಮೊದಲು, ಬಾಯಿಯ ಒಳಪದರದಲ್ಲಿ ಮುನ್ಸೂಚನೆಗಳು ಕಾಣಿಸಿಕೊಳ್ಳುತ್ತವೆ. ಉಜ್ಜಿದರೂ ಹೋಗದ ಬಿಳಿ ಮಚ್ಚೆ ಒಂದು. ಕೆಂಪು ಮಚ್ಚೆ ಇನ್ನೊಂದು. ಇದು ಬಿಳಿ ಮಚ್ಚೆಗಿಂತ ಅಪಾಯಕಾರಿ. ಮೂರನೆಯದು ಬಾಯಿಯ ಒಳಪದರ ಗಟ್ಟಿಯಾಗಿ, ಬಿಳಿಚಿಕೊಂಡು, ದವಡೆ ಪೂರ್ತಿ ತೆರೆಯಲಾಗದ ಸ್ಥಿತಿ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಾಂಶವು ಒಳಪದರದ ಜೀವಕೋಶಗಳನ್ನು ಕೆರಳಿಸಿ ನಾರಿನಂತಹ ಕೊಲಾಜೆನ್ ಹೆಚ್ಚು ಹೆಚ್ಚು ಶೇಖರವಾಗುವಂತೆ ಮಾಡುವುದೇ ಇದಕ್ಕೆ ಮುಖ್ಯ ಕಾರಣ. ಇಂತಹವರಿಗೆ ಮೊದಲು ಖಾರ ತಾಳಲಾಗುವುದಿಲ್ಲ. ಮನೆಯವರೆಲ್ಲ ಉಣ್ಣುವ ಸಾರು ಇವರೊಬ್ಬರಿಗೆ ಉರಿಯುತ್ತದೆ. ಅನಂತರ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ತೂರಿಸಲಾಗದಷ್ಟು ದವಡೆ ಬಿಗಿಯುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂತಹ ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಪೈಕಿ ಶೇ. 7.6ರಷ್ಟು ಮಂದಿಗೆ ಕ್ಯಾನ್ಸರ್ ಉಂಟಾಗಿತ್ತು.

ಮುನ್ಸೂಚನೆಯ ಹಂತದಲ್ಲಿ ಅಥವಾ ಕ್ಯಾನ್ಸರಿನ ಮೊದಲ ಹಂತದಲ್ಲಿ ಪತ್ತೆಯಾದವರು ಹೆಚ್ಚಾಗಿ ಬದುಕುಳಿಯುತ್ತಾರೆ, ಚಿಕಿತ್ಸೆಯೂ ಚಿಕ್ಕದು. ಗಂಟು ಕುತ್ತಿಗೆಗೆ ಹರಡಿದ ಮೇಲೆ ದವಡೆಯನ್ನೋ ನಾಲಿಗೆಯ ಭಾಗವನ್ನೋ ತೆಗೆಯಬೇಕಾಗುತ್ತದೆ. ವಿಕಿರಣ, ಕೀಮೋ ಚಿಕಿತ್ಸೆಗಳೂ ಬೇಕಾಗಬಹುದು. ಉಳಿಯುವ ಭರವಸೆಯೂ ಕುಗ್ಗುತ್ತದೆ. ನಮ್ಮ ದೇಶದ ಬಹುಪಾಲು ರೋಗಿಗಳು ಆಸ್ಪತ್ರೆಗೆ ಬರುವುದು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ. ಬಾಯಿ ಎಂಬುದು ಕನ್ನಡಿಯಲ್ಲಿ ಕಾಣುವ ಅಂಗ. ಹೊಟ್ಟೆಯೊಳಗಿನ ಗಡ್ಡೆ ಕಾಣದೇ ಉಳಿದರೆ ಅರ್ಥವಾದೀತು. ಕೆನ್ನೆಯ ಒಳಗಿನ ಹುಣ್ಣು ಆರು ತಿಂಗಳು ಯಾರಿಗೂ ಕಾಣದೇ ಉಳಿಯುವುದು ವ್ಯವಸ್ಥೆಯ ಲೋಪವೇ ಸರಿ.

ಲಾಲಾರಸದಲ್ಲಿ ಏನಿದೆ

ಆರೋಗ್ಯವಂತ ವಯಸ್ಕರ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಒಸರುತ್ತದೆ. ಅದರಲ್ಲಿ ಶೇ. 99ರಷ್ಟು ನೀರು. ಉಳಿದ ಒಂದು ಭಾಗದಲ್ಲಿ ಲವಣಗಳು, ಜೀರ್ಣಕ್ಕೆ ನೆರವಾಗುವ ಕಿಣ್ವಗಳು, ರೋಗನಿರೋಧಕ ಪ್ರೋಟೀನುಗಳು, ಬ್ಯಾಕ್ಟೀರಿಯಾಗಳು ಹಾಗೂ ಬಾಯಿಯ ಒಳಪದರದಿಂದ ಉದುರಿದ ಜೀವಕೋಶಗಳು ಇರುತ್ತವೆ. ಬಾಯಿಯಲ್ಲಿ ಕ್ಯಾನ್ಸರ್ ಇದ್ದರೆ ಆ ಗಡ್ಡೆ ಲಾಲಾರಸದಲ್ಲಿಯೇ ನೆನೆದುಕೊಂಡಿರುತ್ತದೆ. ಅದರಿಂದ ಕಳಚಿದ ಕೋಶಗಳು, ಅದು ಸ್ರವಿಸುವ ಪ್ರೋಟೀನುಗಳು, ಅದರ ಆರ್‌ಎನ್‌ಎ ತುಣುಕುಗಳು ಲಾಲಾರಸಕ್ಕೆ ಸೇರುತ್ತವೆ. ರೋಗದ ಇರುವಿಕೆಯನ್ನು ಸೂಚಿಸುವ, ಅಳೆಯಲು ಸಾಧ್ಯವಾಗುವ ಇಂತಹ ವಸ್ತುಗಳನ್ನು ಜೈವಿಕ ಸೂಚಕಗಳು ಎನ್ನುತ್ತಾರೆ. ಸೂಜಿ ಚುಚ್ಚಬೇಕಿಲ್ಲ, ರಕ್ತ ತೆಗೆಯಬೇಕಿಲ್ಲ, ಒಂದು ಕೊಳವೆಗೆ ಉಗುಳಿದರೆ ಸಾಕು ಎಂಬ ಕಾರಣದಿಂದ ಸಂಶೋಧಕರಿಗೆ ಇದರಲ್ಲಿ ಆಸಕ್ತಿ ಹೆಚ್ಚು.

ಈ ದಿಕ್ಕಿನ ಪ್ರಮುಖ ಕೆಲಸ ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಂಗ್ ಅವರ ಪ್ರಯೋಗಾಲಯದಲ್ಲಿ ನಡೆಯಿತು. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಯಿ ಕ್ಯಾನ್ಸರಿನ ಆರಂಭಿಕ ಹಂತದ 32 ರೋಗಿಗಳ ಹಾಗೂ 32 ಆರೋಗ್ಯವಂತರ ಲಾಲಾರಸವನ್ನು ಹೋಲಿಸಲಾಯಿತು. ರೋಗಿಗಳಲ್ಲಿ ಏಳು ಬಗೆಯ ಸಂದೇಶವಾಹಕ ಆರ್‌ಎನ್‌ಎಗಳು ಹೆಚ್ಚಿರುವುದು ಕಂಡುಬಂತು. ಉರಿಯೂತಕ್ಕೆ ಸಂಬಂಧಿಸಿದ ಇಂಟರ್‌ಲ್ಯೂಕಿನ್-8 ಮತ್ತು ಇಂಟರ್‌ಲ್ಯೂಕಿನ್-1 ಬೀಟಾ ಅವುಗಳಲ್ಲಿ ಎರಡು. ನಾಲ್ಕು ಸೂಚಕಗಳನ್ನು ಒಟ್ಟುಗೂಡಿಸಿದಾಗ ರೋಗಿಗಳಲ್ಲಿ ಶೇ. 91ರಷ್ಟು ಜನರನ್ನು ರೋಗಿಗಳೆಂದೂ ಆರೋಗ್ಯವಂತರಲ್ಲಿ ಶೇ. 91ರಷ್ಟು ಜನರನ್ನು ಆರೋಗ್ಯವಂತರೆಂದೂ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. 2009ರಲ್ಲಿ ಅದೇ ಪ್ರಯೋಗಾಲಯವು ಮೈಕ್ರೋ ಆರ್‌ಎನ್‌ಎ ಎಂಬ ಇನ್ನೂ ಚಿಕ್ಕ ತುಣುಕುಗಳಲ್ಲಿ ಎರಡು ಬಗೆಯವು ರೋಗಿಗಳ ಲಾಲಾರಸದಲ್ಲಿ ಕಡಿಮೆ ಇರುವುದನ್ನು ತೋರಿಸಿತು. 2012ರಲ್ಲಿ ಐದು ಬೇರೆ ಬೇರೆ ಗುಂಪುಗಳ ಒಟ್ಟು 395 ಜನರ ಮಾದರಿಗಳಲ್ಲಿ ಮೊದಲಿನ ಸೂಚಕಗಳನ್ನು ಮತ್ತೆ ಪರಿಶೀಲಿಸಲಾಯಿತು. ಇವಲ್ಲದೆ ಸೈಫ್ರಾ 21-1, ಎಂಎಂಪಿ-9, ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಮುಂತಾದ ಪ್ರೋಟೀನುಗಳ ಕುರಿತು ನಮ್ಮ ದೇಶದ ದಂತ ವೈದ್ಯಕೀಯ ಕಾಲೇಜುಗಳೂ ಸೇರಿದಂತೆ ಹಲವೆಡೆ ಅಧ್ಯಯನಗಳು ನಡೆದಿವೆ.

ಹೀಗಿದ್ದರೂ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಗೆ ನಿಗದಿಪಡಿಸಿರುವುದು ಲಾಲಾರಸ ಪರೀಕ್ಷೆಯಲ್ಲ, ಕಣ್ಣಿನಿಂದ ನೋಡುವ ಪರೀಕ್ಷೆ. ಹೀಗೇಕೆ ಎಂಬುದನ್ನು ಅಂಕಿಗಳಲ್ಲಿಯೇ ನೋಡುವುದು ಒಳ್ಳೆಯದು.

ಒಂದು ಪಂಚಾಯಿತಿಯ ಲೆಕ್ಕ

ಆರು ಸಾವಿರ ಜನಸಂಖ್ಯೆಯ ಒಂದು ಗ್ರಾಮ ಪಂಚಾಯಿತಿ ಎಂದಿಟ್ಟುಕೊಳ್ಳೋಣ. ಅದರಲ್ಲಿ 30 ವರ್ಷ ಮೀರಿದವರು 3,000. ಅವರ ಪೈಕಿ ಇನ್ನೂ ಪತ್ತೆಯಾಗದ ಬಾಯಿ ಕ್ಯಾನ್ಸರ್ 3 ಜನರಲ್ಲಿ ಇದೆ ಎಂದು ಊಹಿಸೋಣ. ಇವು ತಿಳಿವಳಿಕೆಗಾಗಿ ಇಟ್ಟುಕೊಂಡ ಅಂಕಿಗಳೇ ಹೊರತು ಯಾವುದೇ ಪಂಚಾಯಿತಿಯ ದಾಖಲೆಯವಲ್ಲ. ಲಾಲಾರಸ ಪರೀಕ್ಷೆಯೊಂದು ರೋಗವಿದ್ದವರಲ್ಲಿ ಶೇ. 90ರಷ್ಟು ಜನರನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇ. 90ರಷ್ಟು ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದುಕೊಳ್ಳೋಣ. ಕೇಳುವಾಗ ಇದು ಬಹಳ ಒಳ್ಳೆಯ ಪರೀಕ್ಷೆಯಂತೆಯೇ ತೋರುತ್ತದೆ.

ಮೂರು ಸಾವಿರ ಜನರಿಗೂ ಪರೀಕ್ಷೆ ಮಾಡಿದರೆ ರೋಗವಿದ್ದ ಮೂವರೂ ಬಹುಶಃ ಸಿಗುತ್ತಾರೆ. ರೋಗವಿಲ್ಲದ 2,997 ಜನರಲ್ಲಿ ಹತ್ತರಲ್ಲೊಬ್ಬರಿಗೆ, ಅಂದರೆ ಸುಮಾರು 300 ಜನರಿಗೆ, ‘ಇದೆ’ ಎಂಬ ತಪ್ಪು ಫಲಿತಾಂಶ ಬರುತ್ತದೆ. ಒಟ್ಟು 303 ಜನರಿಗೆ ಕ್ಯಾನ್ಸರ್ ಶಂಕೆಯ ಚೀಟಿ ಕೈಗೆ ಸಿಗುತ್ತದೆ. ಅವರಲ್ಲಿ ನಿಜವಾಗಿ ರೋಗವಿರುವವರು ನೂರಕ್ಕೆ ಒಬ್ಬರು. ಉಳಿದ 300 ಕುಟುಂಬಗಳ ನಿದ್ದೆಗೆಡುತ್ತದೆ, ಕೂಲಿ ತಪ್ಪುತ್ತದೆ, ಆಸ್ಪತ್ರೆಯ ಅಲೆದಾಟ ಬೀಳುತ್ತದೆ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರ ಮುಂದೆ 303 ಜನರ ಸಾಲು ನಿಂತಾಗ ನಿಜವಾದ ಮೂವರ ಸರದಿಯೂ ತಡವಾಗುತ್ತದೆ.

ಪರೀಕ್ಷೆ ಕೆಟ್ಟದ್ದಾದ್ದರಿಂದ ಹೀಗಾಗುವುದಲ್ಲ. ರೋಗ ವಿರಳವಾಗಿರುವೆಡೆ ಅದನ್ನು ಎಲ್ಲರ ಮೇಲೂ ಪ್ರಯೋಗಿಸುವುದರಿಂದ ಹೀಗಾಗುತ್ತದೆ. 2004ರ ಅಧ್ಯಯನದಲ್ಲಿ ಪರೀಕ್ಷೆಗೊಳಗಾದವರಲ್ಲಿ ಅರ್ಧದಷ್ಟು ಜನ ರೋಗಿಗಳೇ ಆಗಿದ್ದರು. ಯಾವ ಹಳ್ಳಿಯಲ್ಲಿಯೂ ಅರ್ಧ ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಆದಕಾರಣ ‘ಶೇ. 91 ನಿಖರ’ ಎಂದು ಯಾರಾದರೂ ಹೇಳಿದಾಗ ಆ ಅಂಕಿ ಎಂತಹ ಜನರ ನಡುವೆ, ಎಷ್ಟು ಜನರ ಮೇಲೆ ಬಂದದ್ದು ಎಂಬುದೇ ಸದಸ್ಯರ ಮೊದಲ ಪ್ರಶ್ನೆಯಾಗಬೇಕು.

ಲೆಕ್ಕವನ್ನು ಈಗ ಬೇರೆ ರೀತಿ ಮಾಡೋಣ. ಮೊದಲು 3,000 ಜನರ ಬಾಯಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಲಾಗುತ್ತದೆ. ಮಚ್ಚೆ, ಹುಣ್ಣು, ಬಿಗಿತ ಇರುವ 150 ಜನ ಬೇರ್ಪಡುತ್ತಾರೆ. ರೋಗವಿರುವ ಮೂವರೂ ಅವರಲ್ಲಿದ್ದಾರೆ. ಈ 150 ಜನರಿಗೆ ಮಾತ್ರ ಅದೇ ಲಾಲಾರಸ ಪರೀಕ್ಷೆ ಮಾಡಿದರೆ ತಪ್ಪಾಗಿ ‘ಇದೆ’ ಎಂದು ಬರುವವರು ಸುಮಾರು 15 ಮಂದಿ. ಒಟ್ಟು 18ರಲ್ಲಿ 3, ಅಂದರೆ ಆರರಲ್ಲಿ ಒಬ್ಬರಿಗೆ ರೋಗವಿದೆ. ಪರೀಕ್ಷೆ ಅದೇ, ಬಳಸಿದ ಜಾಗ ಬದಲಾಯಿತು, ಬೆಲೆ ಬಂತು. ಲಾಲಾರಸ ಪರೀಕ್ಷೆಗೆ ಮುಂದಿನ ದಿನಗಳಲ್ಲಿ ಸಿಗಬಹುದಾದ ಸ್ಥಾನ ಇಂತಹದ್ದು. ಯಾರಿಗೆ ತುರ್ತು ಹೆಚ್ಚು ಎಂದು ಎರಡನೆಯ ಹಂತದಲ್ಲಿ ನಿರ್ಧರಿಸಲು, ಅಥವಾ ಒಮ್ಮೆ ಚಿಕಿತ್ಸೆ ಪಡೆದವರಲ್ಲಿ ರೋಗ ಮರಳಿತೇ ಎಂದು ಗಮನಿಸಲು ಅದು ನೆರವಾಗಬಹುದು. ಆದರೆ ಬಾಯಲ್ಲಿ ಮಚ್ಚೆ ಕಣ್ಣಿಗೆ ಕಾಣುತ್ತಿರುವಾಗ ಲಾಲಾರಸದಲ್ಲಿ ‘ಇಲ್ಲ’ ಎಂದು ಬಂದಿತೆಂದು ಮನೆಗೆ ಕಳುಹಿಸುವಂತಿಲ್ಲ. ಹತ್ತರಲ್ಲಿ ಒಬ್ಬರನ್ನು ತಪ್ಪಿಸುವ ಪರೀಕ್ಷೆಯದು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಇಂದಿಗೂ ಖಚಿತಪಡಿಸುವುದು ಬಯಾಪ್ಸಿ ಮಾತ್ರ, ಅಂದರೆ ಶಂಕೆಯ ಜಾಗದಿಂದ ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು.

ಕುಡಿಯುವ ನೀರಿನ ಎಫ್‌ಟಿಕೆ ಕಿಟ್ ಬಳಸಿದ ಅನುಭವವಿರುವ ಸದಸ್ಯರಿಗೆ ಇದು ಹೊಸದೇನಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬಣ್ಣ ತೋರಿತೆಂದ ಮಾತ್ರಕ್ಕೆ ಬಾವಿಯನ್ನು ಮುಚ್ಚುವುದಿಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂದು ಖಚಿತಪಡಿಸಿಕೊಂಡ ನಂತರ ಕ್ರಮ ಕೈಗೊಳ್ಳಲಾಗುತ್ತದೆ. ನೀರಿನ ವಿಷಯದಲ್ಲಿ ಒಂದು ಅನುಕೂಲವಿದೆ: ಮಿತಿ ಎಷ್ಟು ಎಂಬುದು ದೇಶಕ್ಕೆಲ್ಲ ಒಂದೇ ಮಾನಕವಾಗಿ ನಿಗದಿಯಾಗಿದೆ. ಲಾಲಾರಸದ ಸೂಚಕಗಳಿಗೆ ಅಂತಹ ಒಪ್ಪಿತ ಮಿತಿ ಇನ್ನೂ ಇಲ್ಲ. ಒಂದು ಪ್ರಯೋಗಾಲಯದ ‘ಹೆಚ್ಚು’ ಇನ್ನೊಂದರ ‘ಸಾಮಾನ್ಯ’ ಆಗಿರಬಹುದು.

ಎಂಜಲು ಸುಲಭ, ಮಾದರಿ ಕಷ್ಟ

ಉಗುಳುವುದು ಸುಲಭ, ಪರೀಕ್ಷೆಗೆ ಯೋಗ್ಯವಾದ ಮಾದರಿ ಸಂಗ್ರಹಿಸುವುದು ಅಷ್ಟು ಸುಲಭವಲ್ಲ. ಸಂಶೋಧನೆಯಲ್ಲಿ ಅನುಸರಿಸುವ ಕ್ರಮದಂತೆ ಮಾದರಿ ಕೊಡುವವರು ಕನಿಷ್ಠ ಒಂದು ಗಂಟೆ ಮೊದಲಿನಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು, ಸೇದಬಾರದು. ಬಾಯಿ ಮುಕ್ಕಳಿಸಿ, ಚಪ್ಪರಿಸದೇ, ತಾನಾಗಿಯೇ ತುಂಬಿಕೊಂಡ ರಸವನ್ನು ಮಂಜುಗಡ್ಡೆಯ ಮೇಲಿಟ್ಟ ಕೊಳವೆಗೆ ಬಿಡಬೇಕು. ಕೂಡಲೇ ಅದನ್ನು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಕೋಶಗಳನ್ನು ಬೇರ್ಪಡಿಸಬೇಕು. ಆರ್‌ಎನ್‌ಎ ಬಹುಬೇಗ ಒಡೆದುಹೋಗುವ ವಸ್ತುವಾದ್ದರಿಂದ ಅದನ್ನು ಕಾಪಿಡುವ ರಾಸಾಯನಿಕವನ್ನು ಸೇರಿಸಬೇಕು, ಇಲ್ಲವೇ ಅತಿ ಶೀತಲ ಪೆಟ್ಟಿಗೆಯಲ್ಲಿಡಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸಮುದಾಯ ಭವನದ ಮೇಜಿನ ಮೇಲೆ ಸಾಲಾಗಿಟ್ಟ ಕೊಳವೆಗಳಿಂದ ಏನು ತಿಳಿದೀತು ಎಂಬುದನ್ನು ಸದಸ್ಯರೇ ಊಹಿಸಬಹುದು.

ಇನ್ನೊಂದು ತೊಡಕು ನಮ್ಮ ಊರುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಂಟರ್‌ಲ್ಯೂಕಿನ್‌ಗಳು ಕ್ಯಾನ್ಸರಿನಲ್ಲಿ ಮಾತ್ರ ಹೆಚ್ಚುವಂತಹವಲ್ಲ. ಎಲ್ಲಿ ಉರಿಯೂತವಿದೆಯೋ ಅಲ್ಲೆಲ್ಲ ಹೆಚ್ಚುತ್ತವೆ. ವಸಡಿನ ರೋಗವಿದ್ದವರಲ್ಲಿ, ಹುಳುಕು ಹಲ್ಲಿನಲ್ಲಿ ಕೀವು ತುಂಬಿದವರಲ್ಲಿ, ತಂಬಾಕು ಜಗಿಯುವವರಲ್ಲಿ ಇವುಗಳ ಮಟ್ಟ ಏರಿರಬಹುದು. ಎಲ್ಲಿ ಪರೀಕ್ಷೆ ಹೆಚ್ಚು ಬೇಕಾಗಿದೆಯೋ ಅಲ್ಲಿಯೇ ತಪ್ಪು ಫಲಿತಾಂಶವೂ ಹೆಚ್ಚು. 303 ಎಂದು ಮೇಲೆ ಬಂದ ಲೆಕ್ಕ ವಾಸ್ತವದಲ್ಲಿ ಇನ್ನೂ ದೊಡ್ಡದಾಗಬಹುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2021ರಲ್ಲಿ ಲಾಲಾರಸ ಆಧಾರಿತ ಪರೀಕ್ಷೆಯೊಂದಕ್ಕೆ ‘ಬ್ರೇಕ್‌ಥ್ರೂ’ ಸಾಧನವೆಂಬ ಮನ್ನಣೆ ನೀಡಿದ್ದು ವರದಿಗಳಲ್ಲಿ ಕಾಣಿಸುತ್ತದೆ. ಪರಿಶೀಲನೆಯನ್ನು ಬೇಗ ಕೈಗೆತ್ತಿಕೊಳ್ಳಲು ಕೊಡುವ ಮನ್ನಣೆ ಅದು, ಪರೀಕ್ಷೆ ಸಾಬೀತಾಯಿತೆಂಬ ಪ್ರಮಾಣಪತ್ರವಲ್ಲ. ನಮ್ಮ ದೇಶದಲ್ಲಿ ಇಂತಹ ಪರೀಕ್ಷಾ ಕಿಟ್‌ಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಡುತ್ತವೆ. ಪಂಚಾಯಿತಿಗೆ ಬರುವ ಯಾವುದೇ ಪ್ರಸ್ತಾವದಲ್ಲಿ ಆ ಪರವಾನಗಿಯ ಪ್ರತಿಯನ್ನೂ ತಾಲ್ಲೂಕು ಆರೋಗ್ಯಾಧಿಕಾರಿಗಳ ಲಿಖಿತ ಅಭಿಪ್ರಾಯವನ್ನೂ ಕೇಳತಕ್ಕದ್ದು. ಶಂಕೆ ಬಂದವರನ್ನು ಮುಂದೆ ಎಲ್ಲಿಗೆ, ಯಾರ ಖರ್ಚಿನಲ್ಲಿ ಕರೆದೊಯ್ಯಲಾಗುತ್ತದೆ ಎಂಬುದಕ್ಕೆ ಉತ್ತರವಿಲ್ಲದ ಶಿಬಿರಕ್ಕೆ ಸಭೆಯು ಒಪ್ಪಿಗೆ ನೀಡದಿರುವುದೇ ಲೇಸು.

ಹದಿಮೂರು ಪಂಚಾಯಿತಿಗಳ ಪ್ರಯೋಗ

ಟಾರ್ಚ್ ಬೆಳಕಿನಲ್ಲಿ ಬಾಯಿ ನೋಡುವುದು ಹಳೆಯ ಕಾಲದ ಉಪಾಯದಂತೆ ತೋರಬಹುದು. ಆದರೆ ಸಾವುಗಳನ್ನು ಕಡಿಮೆ ಮಾಡುತ್ತದೆಂದು ದೊಡ್ಡ ಪ್ರಯೋಗದಿಂದ ತಿಳಿದುಬಂದಿರುವುದು ಈ ಉಪಾಯವೇ. ಆ ಪ್ರಯೋಗ ನಡೆದದ್ದು ಪಕ್ಕದ ಕೇರಳದಲ್ಲಿ, ಅದೂ ಪಂಚಾಯಿತಿಗಳನ್ನೇ ಘಟಕವಾಗಿಟ್ಟುಕೊಂಡು.

ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳನ್ನು ಆಯ್ದು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ 7ರಲ್ಲಿ ತಪಾಸಣೆ ನಡೆಸಲಾಯಿತು. ಉಳಿದ 6ರಲ್ಲಿ ಎಂದಿನ ವೈದ್ಯಕೀಯ ಸೇವೆ ಮಾತ್ರ ಇತ್ತು. 1996ರಲ್ಲಿ ಆರಂಭವಾದ ಈ ಅಧ್ಯಯನದಲ್ಲಿ 35 ವರ್ಷ ಮೀರಿದ, ಎರಡೂ ಕಡೆ ಸೇರಿ 1.9 ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಾಯಿ ನೋಡಿದವರು ವೈದ್ಯರಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಅವರು ಮನೆಮನೆಗೆ ಹೋಗಿ ನೋಡಿದರು. ಮೂರು ಸುತ್ತುಗಳ ನಂತರ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನಿಂದ ಉಂಟಾಗುವ ಸಾವುಗಳು ತಪಾಸಣೆ ನಡೆದ ಪಂಚಾಯಿತಿಗಳಲ್ಲಿ ಶೇ. 34ರಷ್ಟು ಕಡಿಮೆಯಾಗಿದ್ದವು. ಯಾವ ಅಭ್ಯಾಸವೂ ಇಲ್ಲದವರನ್ನು ಸೇರಿಸಿ ಲೆಕ್ಕ ಹಾಕಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿರಲಿಲ್ಲ. ಯಾರನ್ನು ಮೊದಲು ನೋಡಬೇಕು ಎಂಬುದಕ್ಕೆ ಇದರಲ್ಲಿಯೇ ಉತ್ತರವಿದೆ.

ಅದೇ ವರದಿಯ ಇನ್ನೊಂದು ಅಂಕಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಬಾಯಿಯಲ್ಲಿ ಶಂಕಾಸ್ಪದ ಗುರುತು ಕಂಡು ವೈದ್ಯರ ಬಳಿಗೆ ಹೋಗಲು ಸೂಚಿಸಲ್ಪಟ್ಟವರು 5,145 ಮಂದಿ. ಅವರಲ್ಲಿ ನಿಜವಾಗಿ ಹೋದವರು ಶೇ. 63 ಮಾತ್ರ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ, ತಮ್ಮ ಬಾಯಿಯಲ್ಲಿ ಏನೋ ಇದೆಯೆಂದು ತಿಳಿದ ಮೇಲೂ, ಮನೆಯಲ್ಲಿಯೇ ಉಳಿದರು. ಸಾಕ್ಷರತೆಗೂ ಆಸ್ಪತ್ರೆಗಳ ಸಾಮೀಪ್ಯಕ್ಕೂ ಹೆಸರಾದ ಕೇರಳದಲ್ಲಿಯೇ ಹೀಗಾದರೆ ಇಲ್ಲಿನ ಗೊಲ್ಲರಹಟ್ಟಿ, ತಾಂಡಾಗಳಲ್ಲಿ ಏನಾದೀತು? ಈ ಕೊರತೆಯನ್ನು ತುಂಬಲು ಯಾವ ಜೈವಿಕ ಸೂಚಕದಿಂದಲೂ ಆಗದು. ಬಸ್ಸಿನ ಖರ್ಚು, ತಪ್ಪುವ ಕೂಲಿ, ಜೊತೆಗೆ ಬರುವವರಿಲ್ಲದಿರುವುದು, ‘ಕ್ಯಾನ್ಸರ್’ ಎಂಬ ಪದದ ಭಯ ಇವೇ ಅದರ ಕಾರಣಗಳು. ಇವು ಪಂಚಾಯಿತಿ ಸದಸ್ಯರ ಕೈಗೆ ಎಟಕುವ ಸಂಗತಿಗಳು.

ಬೆಂಗಳೂರಿನ ಕೆಎಲ್‌ಇ ದಂತ ವಿಜ್ಞಾನ ಸಂಸ್ಥೆ, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ ಮತ್ತು ಬಯೋಕಾನ್ ಫೌಂಡೇಶನ್‌ಗೆ ಸೇರಿದ ತಂಡಗಳು ಇದೇ ಕೆಲಸಕ್ಕೆ ಮೊಬೈಲ್ ಫೋನನ್ನು ಜೋಡಿಸಿವೆ. ಆರೋಗ್ಯ ಕಾರ್ಯಕರ್ತೆ ತೆಗೆದ ಬಾಯಿಯ ಚಿತ್ರವನ್ನು ದೂರದ ತಜ್ಞರು ನೋಡಿ ಸಲಹೆ ನೀಡುವ ಕ್ರಮ ಇದು. ಹತ್ತಿರದಲ್ಲಿ ತಜ್ಞರಿಲ್ಲದ ಊರಿಗೆ ಲಾಲಾರಸ ಪರೀಕ್ಷೆಗಿಂತ ಇದು ಬೇಗ ತಲುಪುವ ಸಾಧ್ಯತೆ ಹೆಚ್ಚು.

ಅಡಿಕೆಯ ಪ್ರಶ್ನೆ

ಸಭೆಯಲ್ಲಿ ಈ ವಿಷಯ ಬಂದ ಕೂಡಲೇ ಏಳುವ ಆಕ್ಷೇಪಣೆಯನ್ನು ಇಲ್ಲಿಯೇ ಎತ್ತಿಕೊಳ್ಳುವುದು ಒಳಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ತಂಬಾಕು ಸೇರಿಸಿದ ಎಲೆ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಪರಿಗಣಿಸಿತು. 2003ರಲ್ಲಿ ಸೇರಿದ್ದ ತಜ್ಞರ ಸಭೆಯು ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಮೊದಲನೆಯ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪದೇ, ಶುದ್ಧ ಅಡಿಕೆಯನ್ನೂ ಗುಟ್ಕಾವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ ಎಂದು ವಾದಿಸುತ್ತ ಬಂದಿವೆ. ಮೊದಲನೆಯ ಗುಂಪು ಎಂಬುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಸೂಚಿಸುತ್ತದೆಯೇ ವಿನಾ ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಯಾವುದರೊಂದಿಗೆ ಎಂಬುದರ ಮೇಲೆ ಅಪಾಯದ ಪ್ರಮಾಣ ನಿಲ್ಲುತ್ತದೆ. ಮದುವೆಯ ಊಟದ ನಂತರ ಹಾಕಿಕೊಂಡ ಒಂದು ತಾಂಬೂಲವೂ, ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯಲ್ಲಿ ಒತ್ತಿಟ್ಟುಕೊಂಡ ಮಸಾಲಾ ಪುಡಿಯೂ ಸಮನಲ್ಲ. ಹಾಗೆಂದು ತಂಬಾಕಿಲ್ಲದ ಅಡಿಕೆ ಬಾಯಿಗೆ ನಿರಪಾಯ ಎಂದು ಹೇಳಲು ಇಂದಿನ ಸಾಕ್ಷ್ಯದಲ್ಲಿ ಆಧಾರವಿಲ್ಲ. ದವಡೆ ಬಿಗಿಯುವ ರೋಗಕ್ಕೆ ಮೂಲ ಅಡಿಕೆಯೇ.

ತೋಟವಿರುವ ಸದಸ್ಯರು ಇದನ್ನು ತಮ್ಮ ಬೆಳೆಯ ಮೇಲಿನ ಆರೋಪವೆಂದು ತಿಳಿಯಬೇಕಾಗಿಲ್ಲ. ಬೆಳೆಯುವುದು, ಸುಲಿಯುವುದು, ಬೇಯಿಸುವುದು ಇಲ್ಲಿ ಚರ್ಚೆಯ ವಿಷಯವಲ್ಲ. ಜಗಿಯುವುದಷ್ಟೇ ಚರ್ಚೆಯ ವಿಷಯ. ಅಡಿಕೆಯ ಧಾರಣೆಯ ಬಗ್ಗೆ ಕಾಳಜಿ ಇರುವವರು ಸುಲಿಯುವವರ ಬಾಯಿಯ ಬಗ್ಗೆಯೂ ಕಾಳಜಿ ವಹಿಸುವುದರಲ್ಲಿ ವಿರೋಧವೇನೂ ಇಲ್ಲ.

ಕರ್ನಾಟಕದಲ್ಲಿ ಗುಟ್ಕಾ 2013ರಿಂದಲೇ ನಿಷಿದ್ಧ. ಅಂದಿನಿಂದ ಪಾನ್ ಮಸಾಲಾ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ ಎಂದು ಜೋಡಿಯಾಗಿ ತೂಗುಬಿದ್ದಿರುವುದನ್ನು ಪೆಟ್ಟಿಗೆ ಅಂಗಡಿಗಳಲ್ಲಿ ಎಲ್ಲರೂ ಕಂಡಿದ್ದಾರೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ ತಂಬಾಕು ಉತ್ಪನ್ನಗಳನ್ನು 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಶಾಲೆಯ ಸುತ್ತ ಮಾರಾಟ ನಿಷೇಧವಿರುವುದು ಹಳೆಯ ನಿಯಮ. ಅಂಗಡಿಗೆ ಪರವಾನಗಿ ಕೊಡುವ ಪಂಚಾಯಿತಿಗೆ ಇದನ್ನು ಯಾರೂ ನೆನಪಿಸಬೇಕಾಗಿ ಬರಬಾರದು.

ಈಗಲೇ ಲಭ್ಯವಿರುವ ವ್ಯವಸ್ಥೆ

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೀರಿದ ಪ್ರತಿಯೊಬ್ಬರ ವಿವರವನ್ನು ಆಶಾ ಕಾರ್ಯಕರ್ತೆಯರು ಸಿಬ್ಯಾಕ್ ನಮೂನೆಯಲ್ಲಿ ತುಂಬಬೇಕು. ತಂಬಾಕು ಬಳಕೆ, ಮದ್ಯ, ಎರಡು ವಾರಕ್ಕೂ ವಾಸಿಯಾಗದ ಬಾಯಿ ಹುಣ್ಣು ಅಥವಾ ಮಚ್ಚೆ, ಬಾಯಿ ತೆರೆಯಲು ಕಷ್ಟ, ಧ್ವನಿಯಲ್ಲಿ ಬದಲಾವಣೆ ಇವೆಲ್ಲ ಆ ನಮೂನೆಯಲ್ಲಿವೆ. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿ ಬಾಯಿ ಪರೀಕ್ಷೆ ನಡೆಸಬೇಕು. ಐದು ವರ್ಷಕ್ಕೊಮ್ಮೆಯಾದರೂ ಇದು ನಡೆಯಬೇಕೆಂಬುದು ಮಾರ್ಗಸೂಚಿ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಅಗತ್ಯವಿದ್ದರೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ. ತರೀಕೆರೆ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಹತ್ತಿರ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಗೊಳಪಟ್ಟು. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೇ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಂಡ ಮೇಲೆ ಯೋಜನೆಯ ನೆನಪು ಬಂದರೆ ಪ್ರಯೋಜನವಿಲ್ಲ. ಇದನ್ನು ಮೊದಲೇ ಹೇಳುವವರು ಊರಿನಲ್ಲಿ ಒಬ್ಬರಿರಬೇಕು.

ಪಂಚಾಯಿತಿಯ ಪಾಲಿನ ಕೆಲಸಕ್ಕೆ ಹೆಚ್ಚು ಹಣ ಬೇಕಿಲ್ಲ. ಒಳ್ಳೆಯ ಟಾರ್ಚ್, ಕೈಗವಸು, ಮರದ ಚಪ್ಪಟೆ ಕಡ್ಡಿ ಮತ್ತು ಕನ್ನಡಿ ಉಪಕೇಂದ್ರದಲ್ಲಿ ಇವೆಯೇ ಎಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಕೇಳಬಹುದು. ತಪಾಸಣೆಯ ದಿನವನ್ನು ಗೊತ್ತುಪಡಿಸುವಾಗ ಊರಿನ ಕೆಲಸದ ಕಾಲವನ್ನು ನೋಡಬೇಕು. ಮಳೆಗಾಲದ ಕೊನೆಯಲ್ಲಿ ಅಡಿಕೆ ಕೊಯ್ಲು ಆರಂಭವಾದ ಮೇಲೆ ಹಗಲು ಯಾರೂ ಮನೆಯಲ್ಲಿ ಸಿಗುವುದಿಲ್ಲ. ಈರುಳ್ಳಿ ಕೀಳುವ ವಾರಗಳಲ್ಲಿ ಅಜ್ಜಂಪುರ, ಕಡೂರಿನ ಕಡೆಯೂ ಹಾಗೆಯೇ. ಕೊಯ್ಲಿಗೆ ಮೊದಲಿನ ತಿಂಗಳು ಮನೆಗಳಲ್ಲಿ, ಕೊಯ್ಲಿನ ನಡುವೆ ಸಂಜೆ ಸುಲಿಯುವ ಚಪ್ಪರಗಳಲ್ಲಿಯೇ ತಪಾಸಣೆ ನಡೆಸುವಂತೆ ಆರೋಗ್ಯ ಸಿಬ್ಬಂದಿಯನ್ನು ಕೋರಬಹುದು. ಹೊರಗಿನಿಂದ ಬಂದ ಕೂಲಿಕಾರರ ಹೆಸರು ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿಯೂ ಇರುವುದಿಲ್ಲ. ಅವರನ್ನು ಚಪ್ಪರದಲ್ಲಿ ನೋಡದಿದ್ದರೆ ಮತ್ತೆಲ್ಲಿಯೂ ನೋಡಿದಂತಾಗುವುದಿಲ್ಲ.

ಮಹಿಳೆಯರ ವಿಷಯದಲ್ಲಿ ಪ್ರತ್ಯೇಕ ಎಚ್ಚರಿಕೆ ಬೇಕು. ಹೊಗೆಸೊಪ್ಪು ಹಾಕುವುದನ್ನು ಗಂಡಸರು ಒಪ್ಪಿಕೊಳ್ಳುವಷ್ಟು ಸುಲಭವಾಗಿ ಹೆಂಗಸರು ಒಪ್ಪಿಕೊಳ್ಳುವುದಿಲ್ಲ. ಅತ್ತೆಯ ಎದುರು ಸೊಸೆಯನ್ನು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಸ್ವಸಹಾಯ ಸಂಘದ ಸಭೆಯ ದಿನ, ಹೆಂಗಸರೇ ಇರುವಲ್ಲಿ ತಪಾಸಣೆ ನಡೆಸುವುದು ಹೆಚ್ಚು ಫಲಕಾರಿ.

ಶಂಕೆ ಕಂಡವರು ಆಸ್ಪತ್ರೆ ತಲುಪುವಂತೆ ಮಾಡುವುದು ಕೊನೆಯ ಕೆಲಸವಾದರೂ ಅತ್ಯಂತ ಕಷ್ಟದ ಕೆಲಸ ಅದೇ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರಿರುವ ದಿನವನ್ನು ಮೊದಲೇ ವಿಚಾರಿಸಿ, ಒಂದೇ ಊರಿನ ನಾಲ್ಕೈದು ಜನರನ್ನು ಆಶಾ ಕಾರ್ಯಕರ್ತೆಯ ಜೊತೆಗೆ ಒಟ್ಟಾಗಿ ಕಳುಹಿಸಿದರೆ ಹೋಗುವವರ ಸಂಖ್ಯೆ ಹೆಚ್ಚುತ್ತದೆ. ಬೆಂಗಳೂರಿಗೆ ಹೋಗಬೇಕಾದವರಿಗೆ ಬೀರೂರು, ಕಡೂರಿನಿಂದ ರೈಲಿನ ಅನುಕೂಲವಿದೆ. ಮೊದಲ ಸಲ ಹೋಗುವವರೊಂದಿಗೆ ಆಸ್ಪತ್ರೆಯ ದಾರಿ ಬಲ್ಲವರೊಬ್ಬರು ಇರುವುದು ಅಗತ್ಯ.

ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ಮುಂದೆ ಮೂರು ಸಂಖ್ಯೆಗಳನ್ನು ಇರಿಸುವಂತೆ ಸಮುದಾಯ ಆರೋಗ್ಯಾಧಿಕಾರಿಯನ್ನು ಕೋರಬಹುದು: ಬಾಯಿ ನೋಡಿಸಿಕೊಂಡವರು ಎಷ್ಟು, ಮುಂದಕ್ಕೆ ಕಳುಹಿಸಲಾದವರು ಎಷ್ಟು, ಆಸ್ಪತ್ರೆ ತಲುಪಿದವರು ಎಷ್ಟು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಹೆಸರುಗಳನ್ನು ಮಾತ್ರ ಸಭೆಯಲ್ಲಿ ಓದತಕ್ಕದ್ದಲ್ಲ; ಆ ಪಟ್ಟಿ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯಾಧಿಕಾರಿಯ ಬಳಿಯಲ್ಲಿಯೇ ಇರಬೇಕು.